ಬ್ರೂಕ್ಲಿನ್: ಚಹಾದ ಮೇಜಿನಲ್ಲಿ ಗೊತ್ತಾದ ಊರು

ಪರದೇಶಕ್ಕೆ ಹೊರಟು ನಿಂತವರನ್ನು ‘ಯಾವ ದೇಶಕ್ಕೆ?’ ಎಂದು ನಾವೆಲ್ಲರೂ ಕೇಳುತ್ತೇವೆ. ‘ಆ ದೇಶದಲ್ಲಿ ಇಷ್ಟೊಂದು ಊರುಗಳಿರುವಾಗ ಅದೇ ಊರು ಏಕೆ?’ ಎಂದು ಕೇಳುವವರು ವಿರಳ. ಕೇಳಿದರೂ ಬರುವ ಉತ್ತರ ಬಹಳ ಚಿಕ್ಕದು. ‘ಅಲ್ಲಿ ನಮ್ಮ ಭಾವ ಇದ್ದಾರೆ’, ‘ಪಕ್ಕದ ಮನೆಯವರ ಮಗ ವೀಸಾ ಕಳುಹಿಸಿದ’, ‘ಅಕ್ಕನ ಮನೆಯಲ್ಲಿ ಆರು ತಿಂಗಳು ಇರಬಹುದು’. ಸಂಬಳ, ಹವೆ, ಶಾಲೆ, ಆಸ್ಪತ್ರೆ ಇವುಗಳ ಮಾತು ಆಮೇಲೆ ಬರುತ್ತದೆ. ಬಹುಮಟ್ಟಿಗೆ, ಆಗಿಹೋದ ತೀರ್ಮಾನಕ್ಕೆ ಸಮರ್ಥನೆಯಾಗಿ ಬರುತ್ತದೆ. ಈ ಚಿಕ್ಕ ಉತ್ತರದೊಳಗೆ ಏನೆಲ್ಲ ಅಡಗಿದೆ ಎಂಬುದನ್ನು ನಾನು ಬಲ್ಲಮಟ್ಟಿಗೆ ಅತ್ಯಂತ ಪ್ರಾಮಾಣಿಕವಾಗಿ ಬಿಚ್ಚಿಟ್ಟ ಕೃತಿ ಐರ್ಲೆಂಡಿನ ಲೇಖಕ ಕಾಲಂ ಟೋಬೀನ್ ಅವರ ‘ಬ್ರೂಕ್ಲಿನ್’. 2009ರಲ್ಲಿ ಪ್ರಕಟವಾದ ಈ ಇಂಗ್ಲಿಷ್ ಕಾದಂಬರಿಗೆ ಅದೇ ವರ್ಷದ ಕೋಸ್ಟಾ ಕಾದಂಬರಿ ಪ್ರಶಸ್ತಿ ಲಭಿಸಿತು. 2015ರಲ್ಲಿ ಇದು ಚಲನಚಿತ್ರವಾಯಿತು. ನಿಮ್ಮಲ್ಲಿ ಕೆಲವರು, ಮುಖ್ಯವಾಗಿ ನಿಮ್ಮ ಮನೆಯ ಯುವಜನರು, ಚಿತ್ರವನ್ನು ನೋಡಿರಬಹುದು. ಚಿತ್ರ ನೋಡಿದವರೂ ಕಾದಂಬರಿಯನ್ನು ಓದಬೇಕೆಂದು ನಾನು ಏಕೆ ಒತ್ತಾಯಿಸುತ್ತೇನೆಂಬುದನ್ನು ಮುಂದೆ ಹೇಳುತ್ತೇನೆ. ಕಥೆಯ ತಿರುವುಗಳನ್ನು ಮುಚ್ಚಿಟ್ಟು ಈ ಕೃತಿಯನ್ನು ಚರ್ಚಿಸುವುದು ಸಾಧ್ಯವಿಲ್ಲವಾದ್ದರಿಂದ, ಕುತೂಹಲ ಕಾಪಾಡಿಕೊಳ್ಳಬಯಸುವವರು ಮೊದಲು ಪುಸ್ತಕ ಓದಿ, ಅನಂತರ ಈ ಪುಟಕ್ಕೆ ಮರಳುವುದು ಒಳಿತು.

ಕಥೆ ನಡೆಯುವುದು 1950ರ ದಶಕದ ಆರಂಭದಲ್ಲಿ. ಐರ್ಲೆಂಡಿನ ವೆಕ್ಸ್‌ಫರ್ಡ್ ಕೌಂಟಿಯ ಎನಿಸ್ಕಾರ್ಥಿ ಎಂಬ ಸಣ್ಣ ಪಟ್ಟಣ. ಅದು ಲೇಖಕರು 1955ರಲ್ಲಿ ಹುಟ್ಟಿದ ಊರು ಕೂಡ. ಐಲಿಶ್ ಲೇಸಿ ಎಂಬ ತರುಣಿ ವಿಧವೆ ತಾಯಿ ಮತ್ತು ಅಕ್ಕ ರೋಸ್ ಜೊತೆ ಅಲ್ಲಿ ಬದುಕುತ್ತಿದ್ದಾಳೆ. ಮೂವರು ಅಣ್ಣಂದಿರು ಕೆಲಸ ಹುಡುಕಿಕೊಂಡು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸೇರಿದ್ದಾರೆ. ಮನೆ ನಡೆಯುವುದು ಒಂದು ಕಾರ್ಖಾನೆಯ ಕಚೇರಿಯಲ್ಲಿ ದುಡಿಯುವ ರೋಸ್ ಸಂಬಳದಿಂದ. ಲೆಕ್ಕಪತ್ರ ಕಲಿತಿರುವ ಐಲಿಶ್‌ಗೆ ಸಿಕ್ಕಿರುವುದು ಭಾನುವಾರಗಳಂದು ಮಿಸ್ ಕೆಲ್ಲಿಯ ದಿನಸಿ ಅಂಗಡಿಯಲ್ಲಿ ನಿಲ್ಲುವ ಕೆಲಸ ಮಾತ್ರ. ಈ ಮಿಸ್ ಕೆಲ್ಲಿ ಗಿರಾಕಿಗಳ ಅಂತಸ್ತು ನೋಡಿ ಮಾತನಾಡುವ, ಊರಿನ ಸಮಸ್ತ ಸುದ್ದಿಯನ್ನೂ ತಕ್ಕಡಿಯಲ್ಲಿ ತೂಗಿ ಇಟ್ಟುಕೊಂಡಿರುವ ಹೆಂಗಸು. ಆಕೆಯನ್ನು ನೆನಪಿನಲ್ಲಿಡಿ.

ಒಂದು ಸಂಜೆ ರೋಸ್ ಆಹ್ವಾನದ ಮೇರೆಗೆ ಅಮೆರಿಕದಿಂದ ರಜೆಗೆ ಬಂದ ಫಾದರ್ ಫ್ಲಡ್ ಎಂಬ ಗುರುಗಳು ಅವರ ಮನೆಗೆ ಚಹಾಕ್ಕೆ ಬರುತ್ತಾರೆ. ಮಾತು ಅದೂ ಇದೂ ಆಗಿ ಐಲಿಶಳ ಕೆಲಸದತ್ತ ತಿರುಗುತ್ತದೆ. ಬ್ರೂಕ್ಲಿನ್‌ನ ತಮ್ಮ ಧರ್ಮಕೇಂದ್ರದಲ್ಲಿ ಐರಿಷ್ ಜನರೇ ತುಂಬಿದ್ದಾರೆಂದೂ ಅಲ್ಲಿ ಇಂಥ ಹುಡುಗಿಗೆ ಒಳ್ಳೆಯ ಕೆಲಸ ಸುಲಭವಾಗಿ ದೊರೆಯುವುದೆಂದೂ ಗುರುಗಳು ಹೇಳುತ್ತಾರೆ. ಆಮೇಲೆ ಒಂದು ಮೌನ. ಆ ಮೌನದಲ್ಲಿ ತಾಯಿಯ ಮುಖ, ಅಕ್ಕನ ಮುಖ ನೋಡಿದ ಐಲಿಶ್‌ಗೆ, ತಾನು ಅಮೆರಿಕಕ್ಕೆ ಹೋಗುವುದು ಗೊತ್ತಾಗಿಹೋಗಿದೆಯೆಂಬುದು ಅರಿವಾಗುತ್ತದೆ. ಯಾರೂ ಆಕೆಯನ್ನು ಕೇಳಿಲ್ಲ. ಆಕೆ ಒಪ್ಪಿಯೂ ಇಲ್ಲ, ನಿರಾಕರಿಸಿಯೂ ಇಲ್ಲ. ನಮ್ಮಲ್ಲಿ ಮದುವೆ ಗೊತ್ತಾಗುತ್ತದೆಯಲ್ಲ, ಹಾಗೆ ಒಂದು ಊರು ಗೊತ್ತಾಗುತ್ತದೆ.

ಈ ಎರಡು ಮೂರು ಪುಟಗಳೇ ನನ್ನ ಅಭಿಪ್ರಾಯದಲ್ಲಿ ಇಡೀ ಕಾದಂಬರಿಯ ಹೃದಯ. ವಲಸೆಯ ಸಾಹಿತ್ಯದಲ್ಲಿ ಸಾಮಾನ್ಯವಾಗಿ ಕಾಣುವ ಧೀರ ನಿರ್ಧಾರ, ಕಣ್ಣೀರಿನ ವಾಗ್ವಾದ, ಬಂದರಿನಲ್ಲಿ ತೊಟ್ಟ ಪ್ರತಿಜ್ಞೆ ಇಲ್ಲಿ ಇಲ್ಲ. ಟೋಬೀನ್ ಅವರ ವಾಕ್ಯಗಳು ಬಿಳಿಯ ಗೋಡೆಯಂತೆ ಸಪಾಟಾಗಿವೆ. ಆ ಸಪಾಟು ಭಾಷೆಯಲ್ಲೇ, ಊರನ್ನು ಆರಿಸುವವನು ಹೋಗುವವನೇ ಎಂಬ ನಮ್ಮ ಊಹೆಯನ್ನು ಅವರು ಮೆಲ್ಲನೆ ಕಿತ್ತುಹಾಕುತ್ತಾರೆ. ಐಲಿಶ್‌ಗೆ ನ್ಯೂಯಾರ್ಕಿನ ನಕ್ಷೆ ತಿಳಿಯದು, ಸಂಬಳದ ಲೆಕ್ಕ ತಿಳಿಯದು. ಆಕೆಗೆ ಲಭ್ಯವಿದ್ದದ್ದು ಪರಿಚಯದ ಒಂದೇ ಒಂದು ಮುಖ. ಆ ಮುಖ ಬೋಸ್ಟನ್ನಿನಿಂದ ಬಂದಿದ್ದರೆ ಈ ಕಾದಂಬರಿಯ ಹೆಸರು ಬೋಸ್ಟನ್ ಆಗಿರುತ್ತಿತ್ತು. ರೂತಳನ್ನು ನೆನೆಯಿರಿ; ಆಕೆ ಹಿಂಬಾಲಿಸಿದ್ದು ನವೋಮಿಯನ್ನು, ಬೆತ್ಲೆಹೇಮ್ ಆಕೆಗೆ ಅದರ ಜೊತೆಗೆ ದೊರೆತ ಊರು.

ಇದು ಕಾದಂಬರಿಕಾರನ ಕಲ್ಪನೆ ಮಾತ್ರವೆಂದು ತಳ್ಳಿಹಾಕುವಂತಿಲ್ಲ. ಐರಿಷ್ ವಲಸೆಯ ಇತಿಹಾಸವೇ ಹೀಗೆ ಒಬ್ಬರ ಹಿಂದೆ ಒಬ್ಬರು ಹೋದವರ ಇತಿಹಾಸ. ಸಮಾಜಶಾಸ್ತ್ರಜ್ಞರು ಇದನ್ನು ಸರಪಳಿ ವಲಸೆ ಎನ್ನುತ್ತಾರೆ. ಕಾರ್ಕ್ ಕೌಂಟಿಯ ಬೇರಾ ಪರ್ಯಾಯದ್ವೀಪದಲ್ಲಿ ಆಲಿಹೀಸ್ ಎಂಬ ತಾಮ್ರದ ಗಣಿಯ ಹಳ್ಳಿಯಿತ್ತು. 1880ರ ದಶಕದಲ್ಲಿ ಅಲ್ಲಿಯ ಗಣಿಗಳು ಮುಚ್ಚಿದಾಗ ಜನ ಹೋದದ್ದೆಲ್ಲಿಗೆ? ಹಡಗಿಳಿದ ಕೂಡಲೇ ಸಿಗುವ ನ್ಯೂಯಾರ್ಕಿನಲ್ಲಾಗಲಿ ಬೋಸ್ಟನ್ನಿನಲ್ಲಾಗಲಿ ನಿಲ್ಲದೆ, ರೈಲು ಹಿಡಿದು ಅಮೆರಿಕದ ಒಡಲನ್ನೇ ದಾಟಿ ರಾಕಿ ಪರ್ವತಗಳ ನಡುವಿನ ಮೊಂಟಾನಾ ರಾಜ್ಯದ ಬ್ಯೂಟ್ ಪಟ್ಟಣಕ್ಕೆ! ಕಾರಣ ಅಲ್ಲಿಯೂ ತಾಮ್ರದ ಗಣಿ. ಅದರ ಒಡೆಯ ಮಾರ್ಕಸ್ ಡೇಲಿ ಕ್ಯಾವನ್ ಕೌಂಟಿಯಿಂದ ಬಂದ ಐರಿಷ್ ಕಥೋಲಿಕ, ತನ್ನ ನಾಡಿನವರಿಗೆ ಕೆಲಸ ಕೊಡಲು ಹಿಂಜರಿಯದವನು. ಒಬ್ಬ ಸಲಿವನ್ ಹೋದ, ಅವನ ಹಿಂದೆ ಇನ್ನೊಬ್ಬ ಸಲಿವನ್, ಆಮೇಲೆ ಹ್ಯಾರಿಂಗ್ಟನ್‌ಗಳು. 1900ರ ಹೊತ್ತಿಗೆ ಬ್ಯೂಟ್ ನಗರದ ನಾಲ್ವರಲ್ಲಿ ಒಬ್ಬರು ಐರಿಷ್ ಮೂಲದವರಾಗಿದ್ದರು. ಭೂಪಟ ಬಿಡಿಸಿ ನೋಡಿದವರಿಗೆ ಈ ಪ್ರಯಾಣ ಹುಚ್ಚಾಟವೆನಿಸುತ್ತದೆ. ಆಲಿಹೀಸ್‌ನ ಅಡಿಗೆಮನೆಯಲ್ಲಿ ಕುಳಿತವರಿಗೆ ಮಾತ್ರ ಬ್ಯೂಟ್ ಪಕ್ಕದ ಕೇರಿಯಿದ್ದಂತೆ.

ಕೆರ್ರಿ ಕೌಂಟಿಯ ಸಮುದ್ರದಲ್ಲಿರುವ ಬ್ಲಾಸ್ಕೆಟ್ ದ್ವೀಪದವರು ಹೀಗೆಯೇ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಒಂದೇ ಪಟ್ಟಣದಲ್ಲಿ ನೆಲೆಗೊಂಡರು. 1953ರಲ್ಲಿ ಆ ದ್ವೀಪದ ಕೊನೆಯ ನಿವಾಸಿಗಳನ್ನು ಸರ್ಕಾರ ದಡಕ್ಕೆ ಸ್ಥಳಾಂತರಿಸಿದಾಗ ದ್ವೀಪಕ್ಕಿಂತ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ದ್ವೀಪದ ಜನ ಹೆಚ್ಚಿದ್ದರು. ಆ ದ್ವೀಪದ ಪ್ರಸಿದ್ಧ ಕಥೆಗಾರ್ತಿ ಪೆಗ್ ಸೇಯರ್ಸ್ (1873–1958) ಕೂಡ ಹುಡುಗಿಯಾಗಿದ್ದಾಗ ಅಮೆರಿಕಕ್ಕೆ ಹೊರಡಬೇಕಾದವಳು. ಮೊದಲೇ ಹೋಗಿದ್ದ ಗೆಳತಿ ಕಾಟ್ ಹಡಗಿನ ಖರ್ಚು ಕಳುಹಿಸುವುದಾಗಿ ಮಾತು ಕೊಟ್ಟಿದ್ದಳು. ಗೆಳತಿಗೆ ಅಲ್ಲಿ ಅಪಘಾತವಾಯಿತು, ಹಣ ಬರಲಿಲ್ಲ. ಪೆಗ್ ಮದುವೆಯಾಗಿ ದ್ವೀಪಕ್ಕೆ ಸೊಸೆಯಾಗಿ ಬಂದಳು. ಮುಂದೆ ಐರಿಷ್ ಭಾಷೆಯ ಮಹತ್ವದ ಆತ್ಮಕಥೆಗಳಲ್ಲೊಂದು ಆಕೆಯ ಬಾಯಿಂದ ಹೊಮ್ಮಿ 1936ರಲ್ಲಿ ಪುಸ್ತಕವಾಯಿತು. ಅಮೆರಿಕ ಆಗಲೂ ಇದ್ದಲ್ಲೇ ಇತ್ತು, ಹಡಗುಗಳೂ ಹೋಗುತ್ತಲೇ ಇದ್ದವು. ಸರಪಳಿಯ ಒಂದು ಕೊಂಡಿ ಮಾತ್ರ ಕಳಚಿತ್ತು.

ಅಧಿಕಾರಿಗಳಿಗೂ ಈ ಸತ್ಯ ತಿಳಿದಿತ್ತು. ಅಮೆರಿಕದ 1893ರ ಕಾನೂನಿನ ಮೇರೆಗೆ ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ಪ್ರತಿಯೊಬ್ಬ ವಲಸೆಗಾರನ ಹೆಸರಿನ ಮುಂದೆ ಹಲವು ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾಗಿತ್ತು. ಕೊನೆಗೆ ತಲುಪುವ ಊರು ಯಾವುದು? ಪ್ರಯಾಣದ ಹಣ ಕೊಟ್ಟವರಾರು? ಯಾವ ಸಂಬಂಧಿಯ ಬಳಿಗೆ ಹೋಗುತ್ತಿದ್ದೀ, ಅವರ ಹೆಸರು ವಿಳಾಸವೇನು? ಆ ಊರನ್ನು ಏಕೆ ಆರಿಸಿಕೊಂಡೆ ಎಂಬ ಪ್ರಶ್ನೆಗೆ ಪಟ್ಟಿಯಲ್ಲಿ ಅಂಕಣವಿರಲಿಲ್ಲ. ಸಂಬಂಧಿಯ ವಿಳಾಸವನ್ನು ಬರೆದ ಮೇಲೆ ಅದರ ಅಗತ್ಯವೂ ಇರಲಿಲ್ಲವೆನ್ನಿ.

ಸರಪಳಿಗೂ ಮೊದಲು ಬಾಗಿಲು ತೆರೆದಿರಬೇಕು ಎಂಬುದನ್ನು ನಾವು ಮರೆಯಬಾರದು. ಐಲಿಶ್ ಹಡಗು ಹತ್ತಿದ ಕಾಲದಲ್ಲಿ ಅಮೆರಿಕ ದೇಶವಾರು ವಾರ್ಷಿಕ ಕೋಟಾ ನಿಗದಿಪಡಿಸಿತ್ತು. ಮೂವತ್ತು ಲಕ್ಷದಷ್ಟೂ ಜನಸಂಖ್ಯೆಯಿಲ್ಲದ ಐರ್ಲೆಂಡಿಗೆ ವರ್ಷಕ್ಕೆ 17 ಸಾವಿರಕ್ಕೂ ಹೆಚ್ಚು ಸ್ಥಾನಗಳು. 1946ರ ಕಾನೂನಿನಂತೆ ನಮ್ಮ ಇಡೀ ಭಾರತಕ್ಕೆ ಬರೀ 100! 1965ರಲ್ಲಿ ಆ ಕಾನೂನು ಬದಲಾಗುವ ತನಕ ನಮ್ಮವರ ಮುಂದೆ ಬ್ರೂಕ್ಲಿನ್ ಎಂಬ ಪ್ರಶ್ನೆಯೇ ಏಳುವಂತಿರಲಿಲ್ಲ. ಕಾದಂಬರಿಯಲ್ಲಿ ಐಲಿಶಳ ಕಾಗದಪತ್ರಗಳು ಹೆಚ್ಚು ತೊಡಕಿಲ್ಲದೆ ಸಿದ್ಧವಾಗುವುದನ್ನು ಓದುವಾಗ ನಮ್ಮ ಓದುಗರಿಗೆ ಅಚ್ಚರಿಯಾಗಬಹುದು. ಅದರ ಹಿನ್ನೆಲೆ ಇದು. ಇಷ್ಟು ತೆರೆದ ಬಾಗಿಲಿದ್ದರೂ ಆ ದಶಕದಲ್ಲಿ ಹೆಚ್ಚಿನ ಐರಿಷರು ಹೋದದ್ದು ಸಮೀಪದ ಇಂಗ್ಲೆಂಡಿಗೇ. 1951ರಿಂದ 1961ರ ಒಳಗೆ ಐರ್ಲೆಂಡ್ ವಲಸೆಯಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು.

ಹಾಗಾದರೆ ಮೂವರು ಅಣ್ಣಂದಿರು ಬರ್ಮಿಂಗ್‌ಹ್ಯಾಮಿನಲ್ಲಿರುವಾಗ ತಂಗಿ ಸರಪಳಿಯ ನಿಯಮ ಮೀರಿ ಸಾಗರದಾಚೆಗೆ ಹೋದದ್ದೇಕೆ? ಇಲ್ಲಿ ಟೋಬೀನ್ ಬಹಳ ಸೂಕ್ಷ್ಮವಾದ ಒಂದು ಸಂಗತಿಯನ್ನು ಹಿಡಿದಿದ್ದಾರೆ. ಇಂಗ್ಲೆಂಡಿಗೆ ಹೋದವರು ಸಾಧಾರಣ ಕೆಲಸ ಮಾಡಿ ಸಾಧಾರಣ ಸಂಬಳ ಪಡೆಯುತ್ತಾರೆ, ಊರನ್ನು ನೆನೆದು ಕೊರಗುತ್ತಾರೆ. ಅಮೆರಿಕಕ್ಕೆ ಹೋದವರಿಗಾದರೋ ಮನೆಯ ನೆನಪೇ ಕಾಡುವುದಿಲ್ಲ, ಅವರು ಸುಖವಾಗಿ ಹೆಮ್ಮೆಯಿಂದ ಇರುತ್ತಾರೆ ಎಂಬ ನಂಬಿಕೆ ಐಲಿಶಳ ಮನಸ್ಸಿನಲ್ಲಿದೆ. ಎಲ್ಲಿಂದ ಬಂತೆಂದು ಆಕೆಗೇ ತಿಳಿಯದು. ಎಲ್ಲಿಂದ ಬಂದಿರಬಹುದು? ಬರ್ಮಿಂಗ್‌ಹ್ಯಾಮಿನಿಂದ ಹುಡುಗರು ರಜೆಗೆ ಬರುತ್ತಾರೆ. ಅವರ ಸವೆದ ಬೂಟು, ದಣಿದ ಮುಖ ಊರಿನ ಕಣ್ಣಿಗೆ ಬೀಳುತ್ತದೆ. ಅಮೆರಿಕದಿಂದ ಬರುವುದು ಕಾಗದ ಮಾತ್ರ. ದೂರ ಹೆಚ್ಚಿದಷ್ಟೂ ಊರಿಗೆ ತಲುಪುವ ಸುದ್ದಿ ಸೋಸಿಕೊಂಡು ಬರುತ್ತದೆ, ಸೋಸಿದ ಸುದ್ದಿ ಸದಾ ಸಿಹಿ.

ಆ ಕಾಗದಗಳನ್ನು ಬರೆಯುವವರು ಯಾರೆಂಬುದನ್ನು ಕಾದಂಬರಿ ಒಳಗಿನಿಂದ ತೋರಿಸುತ್ತದೆ. ಹಡಗಿನಲ್ಲಿ ವಾಂತಿ ಮಾಡಿ ಹೈರಾಣಾಗಿ, ಬ್ರೂಕ್ಲಿನ್‌ನ ಬಾಡಿಗೆ ಕೋಣೆಯಲ್ಲಿ ತಾನು ಯಾರೂ ಅಲ್ಲವೆಂಬ ಶೂನ್ಯದಲ್ಲಿ ಮುಳುಗಿ ಬಿಕ್ಕಿದ ಐಲಿಶ್, ತಾಯಿಗೆ ಬರೆಯುವಾಗ ಅದಾವುದನ್ನೂ ಬರೆಯುವುದಿಲ್ಲ. ಅಂಗಡಿಯ ವರ್ಣನೆ, ಹವೆಯ ವರ್ಣನೆ ಬರೆಯುತ್ತಾಳೆ. ಲಿವರ್‌ಪೂಲ್ ಬಂದರಿನಲ್ಲಿ ತಂಗಿಯನ್ನು ಬೀಳ್ಕೊಡಲು ಬಂದ ಅಣ್ಣ ಜಾಕ್ ಕೂಡ ತನ್ನ ಮೊದಲ ದಿನಗಳ ಸಂಕಟವನ್ನು ಮನೆಗೆ ತಿಳಿಸಿದವನಲ್ಲ. ಮನೆಯವರು ನೊಂದುಕೊಳ್ಳಬಾರದೆಂಬ ಪ್ರೀತಿಯೇ ಹೀಗೆ ಮುಂದಿನ ಹುಡುಗಿಯನ್ನು ಅದೇ ಕೋಣೆಗೆ ಕಳುಹಿಸುವ ಪ್ರಚಾರಪತ್ರವಾಗುತ್ತದೆ. ಸಂಗ್ರಹಿಸಿಟ್ಟ ಪತ್ರಗಳಿಂದ ವಲಸೆಯ ಇತಿಹಾಸ ಬರೆಯುವ ವಿದ್ವಾಂಸರು ಈ ಅಧ್ಯಾಯವನ್ನು ಮೇಜಿನ ಮೇಲಿಟ್ಟುಕೊಳ್ಳುವುದು ಲೇಸು. ನಮ್ಮ ಮನೆಗಳಿಗೆ ಒಂದು ಕಾಲದಲ್ಲಿ ನೀಲಿ ಇನ್‌ಲ್ಯಾಂಡ್ ಪತ್ರದಲ್ಲಿ, ಆಮೇಲೆ ಏರೋಗ್ರಾಮ್‌ನಲ್ಲಿ ‘ನಾನಿಲ್ಲಿ ಕ್ಷೇಮ’ ಎಂದು ಬಂದ ಎಷ್ಟು ಸಾಲುಗಳನ್ನು ನಾವು ಅಕ್ಷರಶಃ ನಂಬಿದ್ದೇವೆ! ಇಂದು ಮೊಬೈಲ್ ಪರದೆಯಲ್ಲಿ ಮುಖವೇ ಕಾಣುತ್ತದೆ ನಿಜ. ಆದರೆ ಯಾವ ಗೋಡೆಯ ಮುಂದೆ ಕುಳಿತು ಕರೆ ಮಾಡಬೇಕೆಂಬುದನ್ನು ಕರೆ ಮಾಡುವವರೇ ಆರಿಸುತ್ತಾರೆ.

ಬ್ರೂಕ್ಲಿನ್ ತಲುಪಿದ ಐಲಿಶ್ ಕಾಲಿಡುವುದು ಇನ್ನೊಂದು ಎನಿಸ್ಕಾರ್ಥಿಗೆ. ಮನೆಯೊಡತಿ ಮಿಸೆಸ್ ಕೀಯೊ ವೆಕ್ಸ್‌ಫರ್ಡಿನವಳು. ಊಟದ ಮೇಜಿನಲ್ಲಿ ಐರಿಷ್ ಹುಡುಗಿಯರು, ಐರಿಷ್ ಪಿಸುಮಾತು. ಧರ್ಮಕೇಂದ್ರದ ಸಭಾಂಗಣದಲ್ಲಿ ವಾರದ ನೃತ್ಯ. ಫಾದರ್ ಫ್ಲಡ್ ಬಾರ್ತೋಚಿ ಎಂಬ ಬಟ್ಟೆಬರೆಯ ದೊಡ್ಡ ಮಳಿಗೆಯಲ್ಲಿ ಕೆಲಸ ಕೊಡಿಸಿದ್ದಾರೆ. ಆಕೆ ಮನೆಯ ನೆನಪಿನಲ್ಲಿ ಕುಸಿದಾಗ ಬ್ರೂಕ್ಲಿನ್ ಕಾಲೇಜಿನ ಸಂಜೆ ತರಗತಿಗೆ ಸೇರಿಸುತ್ತಾರೆ. ಅಪರಿಚಿತ ಊರಿನ ಏಟನ್ನು ಈ ಪರಿಚಿತ ವಲಯ ಮೆತ್ತೆಯಂತೆ ತಡೆದುಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲೇ ಈ ಕೆಲಸಕ್ಕೆ ಒಂದು ಪರಂಪರೆ ಬೆಳೆದಿತ್ತು. 1880ರ ದಶಕದಲ್ಲಿ ಫಾದರ್ ಜಾನ್ ರಿಯೋರ್ಡನ್ ನ್ಯೂಯಾರ್ಕಿನ ಬಂದರಿನ ಬಳಿ, ಒಂಟಿಯಾಗಿ ಬಂದಿಳಿಯುವ ಐರಿಷ್ ಹುಡುಗಿಯರಿಗಾಗಿ ಜಪಮಾಲೆ ಮಾತೆಯ ಹೆಸರಿನ ಆಶ್ರಯಧಾಮವನ್ನು ನಡೆಸಿದರು. ಹಡಗಿನ ಬಳಿಗೇ ಹೋಗಿ ಹುಡುಗಿಯರನ್ನು ಕರೆತಂದು, ಅವರ ಹೆಸರು, ಊರು, ಹೋಗಬೇಕಾದ ಸ್ಥಳ ಬರೆದುಕೊಂಡು ಸುರಕ್ಷಿತವಾಗಿ ತಲುಪಿಸುತ್ತಿದ್ದರು. ಫಾದರ್ ಫ್ಲಡ್ ಈ ಪರಂಪರೆಯ ಕುಡಿ.

ಕ್ರಿಸ್ತಜಯಂತಿಯಂದು ಐಲಿಶ್ ಧರ್ಮಕೇಂದ್ರದ ಸಭಾಂಗಣದಲ್ಲಿ ಊಟ ಬಡಿಸುವ ಪ್ರಸಂಗವನ್ನು ನೀವು ಅವಶ್ಯ ಓದಬೇಕು. ಬಂದವರು ಮುದುಕರು; ಒಂದು ಕಾಲಕ್ಕೆ ಈ ನಗರದ ಸುರಂಗ, ಸೇತುವೆ, ಹೆದ್ದಾರಿಗಳನ್ನು ಕಟ್ಟಿದ ಐರಿಷ್ ಕೂಲಿಗಳು. ಈಗ ಅವರು ಹೇಗೆ ಬದುಕುತ್ತಾರೆಂದು ಗುರುಗಳಿಗೂ ಸರಿಯಾಗಿ ತಿಳಿಯದು. ಅವರಲ್ಲೊಬ್ಬ ಎದ್ದು ನಿಂತು ಐರಿಷ್ ಭಾಷೆಯ ಹಾಡೊಂದನ್ನು ಹಾಡುತ್ತಾನೆ, ಹಾಡುವಾಗ ಐಲಿಶಳ ಕೈ ಹಿಡಿದುಕೊಳ್ಳುತ್ತಾನೆ. ಇವರೂ ಯಾರದೋ ಕಾಗದ ನಂಬಿ, ಯಾರದೋ ಹೆಗಲು ಹಿಡಿದು ಬಂದವರೇ. ಅವರ ಸರಪಳಿ ಎಲ್ಲಿ ಕಡಿಯಿತು? ಕುಡಿತದಲ್ಲೋ, ನಾಚಿಕೆಯಲ್ಲೋ, ಊರಿಗೆ ಕಳುಹಿಸಲು ಹಣವಿಲ್ಲದೆ ಕಾಗದ ನಿಂತುಹೋದ ಒಂದು ವರ್ಷದಲ್ಲೋ? ಟೋಬೀನ್ ವಿವರಿಸುವುದಿಲ್ಲ. ಸಂಯಮವೆಂದರೆ ಇದು.

ಇನ್ನು ಮಿಸ್ ಕೆಲ್ಲಿಯ ವಿಷಯ. ಬ್ರೂಕ್ಲಿನ್‌ನಲ್ಲಿ ಐಲಿಶ್ ಟೋನಿ ಎಂಬ ಇಟಾಲಿಯನ್ ಕುಟುಂಬದ ಕೊಳಾಯಿ ಕೆಲಸಗಾರನನ್ನು ಪ್ರೀತಿಸುತ್ತಾಳೆ. ಅಷ್ಟರಲ್ಲಿ ಊರಿನಲ್ಲಿ ಅಕ್ಕ ರೋಸ್ ನಿದ್ದೆಯಲ್ಲೇ ತೀರಿಹೋದ ಸುದ್ದಿ ಬರುತ್ತದೆ. ತಾಯಿಯನ್ನು ನೋಡಲು ಹೊರಡುವ ಮುನ್ನ ಟೋನಿಯ ಒತ್ತಾಯಕ್ಕೆ ಗುಟ್ಟಾಗಿ ನೋಂದಣಿ ವಿವಾಹವಾಗಿ, ಅದನ್ನು ಯಾರಿಗೂ ತಿಳಿಸದೆ ಎನಿಸ್ಕಾರ್ಥಿಗೆ ಮರಳುತ್ತಾಳೆ. ಅಲ್ಲಿ ಎಲ್ಲವೂ ಬದಲಾಗಿ ಕಾಣುತ್ತದೆ. ಅಮೆರಿಕದ ಉಡುಪು ತೊಟ್ಟ ಹುಡುಗಿಗೆ ಊರು ಮರ್ಯಾದೆ ಕೊಡುತ್ತದೆ. ಜಿಮ್ ಫ್ಯಾರಲ್ ಎಂಬ ಸಭ್ಯ ಯುವಕ ಮದುವೆಯಾಗಲು ಬಯಸುತ್ತಾನೆ. ಆಕೆ ಬ್ರೂಕ್ಲಿನ್‌ನಿಂದ ಬಂದ ಕಾಗದಗಳನ್ನು ಒಡೆಯದೆ ಇಡತೊಡಗುತ್ತಾಳೆ. ಆಗ ಮಿಸ್ ಕೆಲ್ಲಿ ಕರೆಕಳುಹಿಸುತ್ತಾಳೆ. ಬ್ರೂಕ್ಲಿನ್‌ನ ಮಿಸೆಸ್ ಕೀಯೊ ತನ್ನ ಸಂಬಂಧಿಯೆಂದೂ ಅಲ್ಲಿಯ ಸುದ್ದಿ ತನಗೆ ತಲುಪಿದೆಯೆಂದೂ ಸೂಚಿಸುತ್ತಾಳೆ. ಐಲಿಶ್‌ಗೆ ಹಾಸಿಗೆ ಕೊಟ್ಟ ಸಂಬಂಧದ ಜಾಲವೇ ಆಕೆಯ ಗುಟ್ಟನ್ನೂ ಊರಿಗೆ ಹೊತ್ತು ತಂದಿದೆ.

ಕೆಲವು ವಿಮರ್ಶಕರಿಗೆ ಈ ತಿರುವು ಅನುಕೂಲಕ್ಕೆ ತಂದ ಕಾಕತಾಳೀಯವೆನಿಸಿದರೆ ಆಶ್ಚರ್ಯವಿಲ್ಲ. ನನಗೆ ಹಾಗನ್ನಿಸುವುದಿಲ್ಲ. ಪರಿಚಿತರಿರುವ ಊರಿಗೇ ಹೋಗುವವರು ಕೊಡುವ ಬೆಲೆ ಇದು, ಮತ್ತು ಅದನ್ನು ಕಾದಂಬರಿ ಮೊದಲ ಪುಟಗಳಿಂದಲೇ ಸಾಲದ ಬಡ್ಡಿಯಂತೆ ಬೆಳೆಸಿಕೊಂಡು ಬಂದಿದೆ. ನೆರವಾಗುವ ಕಣ್ಣುಗಳು ಕಾವಲು ಕಾಯುವ ಕಣ್ಣುಗಳೂ ಹೌದು. ತಮ್ಮವರು ಯಾರೂ ಇಲ್ಲದ ಊರನ್ನೇ ಹುಡುಕಿಕೊಂಡು ಹೋಗುವವರೂ ಇದ್ದಾರೆ. ಅವರಿಗೂ ಅವರ ಕಾರಣಗಳಿರುತ್ತವೆ, ಮತ್ತು ಅವು ಯಾವಾಗಲೂ ಕೆಟ್ಟ ಕಾರಣಗಳಾಗಿರುವುದಿಲ್ಲ. ಮದ್ಯವ್ಯಸನಿ ಗಂಡನಿಂದ ದೂರವಾದ ಹೆಣ್ಣುಮಗಳು, ಸಾಲದ ಅವಮಾನದಿಂದ ಹೊಸದಾಗಿ ಬದುಕಬಯಸುವ ಗಂಡಸು ನಮ್ಮವರೇ ತುಂಬಿರುವ ಬಡಾವಣೆಯನ್ನು ಬಿಟ್ಟು ಬೇರೆ ನಗರ ಹಿಡಿದರೆ ನಾವು ಅವರನ್ನು ‘ಸಮುದಾಯ ಮರೆತವರು’ ಎಂದು ಬಹುಬೇಗ ಕರೆದುಬಿಡುತ್ತೇವೆ.

ಚಲನಚಿತ್ರದ ಬಗೆಗೆ ಈಗ ಹೇಳಬಹುದು. ಜಾನ್ ಕ್ರೌಲಿ ನಿರ್ದೇಶನದ, ನಿಕ್ ಹಾರ್ನ್‌ಬಿ ಚಿತ್ರಕಥೆಯ ಈ ಚಿತ್ರ ಸುಂದರವಾಗಿದೆ; ಸರ್ಶಾ ರೋನನ್ ಅವರ ಮುಖ ಕಾದಂಬರಿಯ ಹತ್ತು ಪುಟಗಳನ್ನು ಒಂದು ನೋಟದಲ್ಲಿ ಹೇಳಬಲ್ಲದು. ಅತ್ಯುತ್ತಮ ಚಿತ್ರ ಸೇರಿದಂತೆ ಮೂರು ಆಸ್ಕರ್ ನಾಮನಿರ್ದೇಶನಗಳು ಅದಕ್ಕೆ ಬಂದದ್ದು ನ್ಯಾಯವೇ. ಆದರೆ ಚಿತ್ರದಲ್ಲಿ ಚಹಾದ ಮೇಜಿನ ಆ ದೃಶ್ಯ ಇಲ್ಲ. ರೋಸ್ ಕಾಗದ ಬರೆದು ಗುರುಗಳ ಮೂಲಕ ಏರ್ಪಾಟು ಮಾಡಿದ್ದು ನಮಗೆ ಮಾತಿನಲ್ಲಿ ತಿಳಿಯುತ್ತದೆ, ಕಥೆ ಪ್ರಯಾಣದ ಸಿದ್ಧತೆಯಿಂದಲೇ ಮುಂದುವರಿಯುತ್ತದೆ. ಕೊನೆಯಲ್ಲಿ ಐಲಿಶ್ ಮಿಸ್ ಕೆಲ್ಲಿಯೆದುರು ತಲೆಯೆತ್ತಿ ತನ್ನ ವಿವಾಹಿತ ಹೆಸರನ್ನು ಘೋಷಿಸುತ್ತಾಳೆ. ಹಡಗಿನಲ್ಲಿ ಇನ್ನೊಬ್ಬ ಹುಡುಗಿಗೆ ಬುದ್ಧಿ ಹೇಳುತ್ತಾಳೆ. ಬಿಸಿಲಿನಲ್ಲಿ ನಿಂತು ಟೋನಿಯನ್ನು ಎದುರುಗೊಳ್ಳುತ್ತಾಳೆ. ಪ್ರೇಕ್ಷಕ ನಿಟ್ಟುಸಿರುಬಿಟ್ಟು ಮನೆಗೆ ಹೋಗುತ್ತಾನೆ: ಕೊನೆಗೂ ಹುಡುಗಿ ತನ್ನ ಊರನ್ನು ತಾನೇ ಆರಿಸಿಕೊಂಡಳು! ಕಾದಂಬರಿ ಈ ಸಮಾಧಾನ ಕೊಡುವುದಿಲ್ಲ. ಅಲ್ಲಿ ಆಕೆ ತಾಯಿಗೆ ಮದುವೆಯ ವಿಷಯ ತಿಳಿಸಿ, ತಾಯಿ ಕೋಣೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ, ಬೆಳಗ್ಗೆ ರೈಲಿನಲ್ಲಿ ಕುಳಿತಿದ್ದಾಳೆ. ಬ್ರೂಕ್ಲಿನ್ ಇನ್ನೂ ಸಾಗರದಾಚೆಗಿದೆ. ಪುಸ್ತಕ ಅಲ್ಲೇ ಮುಗಿಯುತ್ತದೆ. ಸಿಕ್ಕಿಬಿದ್ದುದರಿಂದ ಹೊರಟಳೇ, ಟೋನಿಯ ಮೇಲಿನ ಪ್ರೀತಿಯಿಂದ ಹೊರಟಳೇ ಎಂದು ಆಕೆಗೂ ಹೇಳಲಾಗದು. ಚಿತ್ರವನ್ನು ನೋಡಿದವರು ಪುಸ್ತಕ ಓದಬೇಕೆಂದು ನಾನು ಹೇಳಿದ್ದು ಇದಕ್ಕಾಗಿ.

ಕಾದಂಬರಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಐಲಿಶ್‌ಗೆ ಕಾನೂನು ಪಾಠ ಹೇಳುವ ರೋಸೆನ್‌ಬ್ಲೂಮ್ ಎಂಬ ಯಹೂದಿ ಉಪನ್ಯಾಸಕ ಇದ್ದಾರೆ. ಯೂರೋಪಿನ ನರಮೇಧದಲ್ಲಿ ಅವರ ಕುಟುಂಬವೆಲ್ಲ ಅಳಿದದ್ದು ಆಕೆಗೆ ಮ್ಯಾನ್‌ಹಟನ್‌ನ ಪುಸ್ತಕದಂಗಡಿಯಲ್ಲಿ ತಿಳಿಯುತ್ತದೆ. ಮರಳಲು ಊರೇ ಉಳಿಯದವರಿಗೂ ಅದೇ ಬ್ರೂಕ್ಲಿನ್ ಆಸರೆ ಎಂಬ ಈ ಹೊಳಹು ಒಂದೆರಡು ಪುಟಗಳಲ್ಲಿ ಮಿಂಚಿ ಮಾಯವಾಗುತ್ತದೆ. ಬಾರ್ತೋಚಿ ಮಳಿಗೆ ಮೊದಲ ಬಾರಿಗೆ ಕಪ್ಪು ಜನಾಂಗದ ಮಹಿಳೆಯರಿಗೆ ಕಾಲುಚೀಲ ಮಾರಲು ಬಾಗಿಲು ತೆರೆಯುವ ಪ್ರಸಂಗವೂ ಹಾಗೆಯೇ. ಅಮೆರಿಕದ ದಕ್ಷಿಣ ರಾಜ್ಯಗಳ ಹೊಲಗಳಿಂದ ಲಕ್ಷಾಂತರ ಕಪ್ಪು ಜನರು ಉತ್ತರದ ನಗರಗಳಿಗೆ ಇದೇ ಬಗೆಯಲ್ಲಿ, ಅಣ್ಣನ ಹಿಂದೆ ತಮ್ಮನಾಗಿ, ರೈಲು ಹಿಡಿದು ಬಂದವರು. ಕಾದಂಬರಿಯಲ್ಲಿ ಅವರು ಕೌಂಟರಿನಾಚೆಗೇ ಉಳಿಯುತ್ತಾರೆ. ಐಲಿಶ್ ಕಂಡಷ್ಟನ್ನೇ ಬರೆಯುವುದು ಲೇಖಕರ ನಿಯಮ ಎಂದು ಸಮರ್ಥಿಸಬಹುದು. ಆದರೂ ಒಂದು ಜನಾಂಗದ ಆಪ್ತ ವಲಯ ಇನ್ನೊಂದು ಜನಾಂಗಕ್ಕೆ ಹೊರಗೋಡೆಯಾಗುತ್ತದೆಂಬ ಮಾತಿಗೆ ಇನ್ನಷ್ಟು ಜಾಗ ಬೇಕಿತ್ತು.

ನನ್ನ ಮುಖ್ಯ ಆಕ್ಷೇಪ ಫಾದರ್ ಫ್ಲಡ್ ಪಾತ್ರದ ಮೇಲೆ. ಒಬ್ಬ ಗುರುವಾಗಿ ನಾನು ಅವರನ್ನು ಮೆಚ್ಚಬೇಕು, ಮೆಚ್ಚುತ್ತೇನೆ. ಮಾತು ಕಡಿಮೆ, ಕೆಲಸ ಹೆಚ್ಚು; ರೋಸ್ ಸಾವಿನ ಸುದ್ದಿಯನ್ನು ತಿಳಿಸಲು ಮಳಿಗೆಗೆ ತಾವೇ ಬರುತ್ತಾರೆ. ಆದರೆ ಈ ಒಳ್ಳೆಯತನವನ್ನು ಟೋಬೀನ್ ಪ್ರಶ್ನಿಸುವುದೇ ಇಲ್ಲ. ‘ನಿನಗೆ ಹೋಗುವ ಮನಸ್ಸಿದೆಯೇ ಮಗಳೇ?’ ಎಂಬ ಒಂದೇ ಮಾತನ್ನು ಅವರು ಆ ಸಂಜೆ ಕೇಳಬಹುದಾಗಿತ್ತು. ಕೇಳಲಿಲ್ಲ, ಮತ್ತು ಕೇಳಲಿಲ್ಲವೆಂಬುದನ್ನು ಕಾದಂಬರಿಯಲ್ಲಿ ಯಾರೂ ಗಮನಿಸುವುದಿಲ್ಲ. ನಮ್ಮ ಧರ್ಮಕೇಂದ್ರಗಳ ಕಚೇರಿಗಳಲ್ಲಿ ಕುಳಿತವರಿಗೆ ಈ ಪ್ರಶ್ನೆ ದೂರದ್ದಲ್ಲ. ಜ್ಞಾನಸ್ನಾನದ ಪ್ರಮಾಣಪತ್ರ, ನಡತೆಯ ಪತ್ರ, ಪರಿಚಯದ ಗುರುಗಳಿಗೊಂದು ಕಾಗದ ಎಂದು ಬರುವ ಯುವಜನರ ಜೊತೆ ಹೆಚ್ಚಾಗಿ ತಂದೆಯೋ ತಾಯಿಯೋ ಬಂದಿರುತ್ತಾರೆ, ಮಾತನಾಡುವವರೂ ಅವರೇ. ಕುವೈತ್ ಆಗಲಿ ಅಬುಧಾಬಿಯಾಗಲಿ ಟೊರಾಂಟೋ ಆಗಲಿ, ಊರಿನ ಹೆಸರು ಮೇಜಿಗೆ ಬರುವ ಹೊತ್ತಿಗೆ ಅದು ಗೊತ್ತಾಗಿಯೇ ಇರುತ್ತದೆ. ಇದನ್ನು ದೂರುವಂತೆಯೂ ಇಲ್ಲ. ಕೆನಡಾ ಸರ್ಕಾರವೇ 2017ರಲ್ಲಿ ತನ್ನ ವಲಸೆಯ ಅಂಕಪಟ್ಟಿಯಲ್ಲಿ, ಅಣ್ಣನೋ ತಂಗಿಯೋ ಅಲ್ಲಿ ನೆಲೆಸಿದ್ದರೆ 15 ಅಂಕಗಳು ಹೆಚ್ಚು ಎಂದು ಸೇರಿಸಿತು. ಒಂಟಿಯಾಗಿ ಬರುವವನಿಗಿಂತ ಸಂಬಂಧಿಯಿರುವವನು ಬೇಗ ನೆಲೆಯೂರುತ್ತಾನೆಂಬ ಲೆಕ್ಕಾಚಾರ ಅದರದು. ಆ ಲೆಕ್ಕ ಸರಿಯೇ ಇರಬಹುದು. ಮೇಜಿನ ಬದಿಯಲ್ಲಿ ಸುಮ್ಮನೆ ಕುಳಿತಿರುವ ಹುಡುಗಿಯ ಮೌನಕ್ಕೆ ಎಷ್ಟು ಅಂಕ ಎಂಬುದನ್ನು ಮಾತ್ರ ಯಾವ ಪಟ್ಟಿಯೂ ಹೇಳದು.

2024ರಲ್ಲಿ ಟೋಬೀನ್ ಇದರ ಮುಂದಿನ ಭಾಗ ‘ಲಾಂಗ್ ಐಲ್ಯಾಂಡ್’ ಪ್ರಕಟಿಸಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಕಳೆದಿವೆ. ಐಲಿಶ್ ಈಗ ಬ್ರೂಕ್ಲಿನ್‌ನಲ್ಲಿಲ್ಲ. ಲಾಂಗ್ ಐಲ್ಯಾಂಡಿನ ಲಿಂಡನ್‌ಹರ್ಸ್ಟ್‌ನಲ್ಲಿ, ಟೋನಿಯ ತಂದೆತಾಯಿ ಮತ್ತು ಸಹೋದರರ ಮನೆಗಳು ಸುತ್ತುವರಿದ ಒಂದು ಮನೆಯಲ್ಲಿದ್ದಾಳೆ. ಐರಿಷ್ ಸರಪಳಿಯಿಂದ ಬಿಡಿಸಿಕೊಂಡವಳು ಇಟಾಲಿಯನ್ ಸರಪಳಿಗೆ ಸೇರಿದ್ದಾಳೆ. ಈ ಊರನ್ನೂ ಆಕೆ ಆರಿಸಿದ್ದಲ್ಲ. ಅಲ್ಲಿ ಜಾಗ ಕೊಂಡು ಮನೆ ಕಟ್ಟುವ ಯೋಜನೆ ಫಿಯೊರೆಲ್ಲೊ ಸಹೋದರರದು, ಮೊದಲ ಕಾದಂಬರಿಯಲ್ಲೇ ಟೋನಿ ಅದನ್ನು ಹೆಮ್ಮೆಯಿಂದ ತೋರಿಸಿದ್ದ. ಕಲಾಕೃತಿಯಾಗಿ ಎರಡನೆಯದು ಮೊದಲಿನದರ ಎತ್ತರಕ್ಕೇರದು, ಆಕಸ್ಮಿಕಗಳ ಭಾರ ಅದರಲ್ಲಿ ಹೆಚ್ಚು. ಆದರೆ ಎರಡನ್ನೂ ಒಟ್ಟಿಗೆ ಓದಿದವರಿಗೆ ಮೊದಲ ಕಾದಂಬರಿಯ ಒಂದು ವಿವರ ಹೊಸದಾಗಿ ಚುಚ್ಚುತ್ತದೆ.

ಐಲಿಶ್ ಪೆಟ್ಟಿಗೆ ಕಟ್ಟುವಾಗಲೇ ಆಕೆಗೆ ಹೊಳೆದಿತ್ತು: ತನ್ನನ್ನು ಕಳುಹಿಸುವುದರಿಂದ ರೋಸ್ ತಾಯಿಯೊಡನೆ ಆ ಮನೆಯಲ್ಲಿ ಕೊನೆತನಕ ಉಳಿಯುವುದನ್ನು ತಾನಾಗಿ ಒಪ್ಪಿಕೊಂಡಿದ್ದಾಳೆ. ತನ್ನ ಹೃದ್ರೋಗವನ್ನು ಆ ಅಕ್ಕ ಮನೆಯವರಿಗೆ ತಿಳಿಸಿರಲಿಲ್ಲ ಎಂಬುದು ಸಾವಿನ ನಂತರ ಬೆಳಕಿಗೆ ಬರುತ್ತದೆ. ಬ್ರೂಕ್ಲಿನ್ ಅನ್ನು ನಿಜವಾಗಿ ಆರಿಸಿದವಳು ರೋಸ್. ಆಕೆ ಅದನ್ನು ಎಂದೂ ನೋಡಲಿಲ್ಲ. ಊರಿಗೆ ಮರಳಿದ ಐಲಿಶ್‌ಗೆ ಕೆಲವೇ ದಿನಗಳಲ್ಲಿ ರೋಸ್ ದುಡಿಯುತ್ತಿದ್ದ ಕಚೇರಿಯಿಂದ ಕರೆ ಬರುತ್ತದೆ. ಸಂಬಳದ ಲೆಕ್ಕ ಬರೆಯುವವರು ಬೇಕಾಗಿದ್ದಾರೆ. ಎನಿಸ್ಕಾರ್ಥಿಯಲ್ಲಿ ಐಲಿಶ್ ಕಲಿತ ವಿದ್ಯೆಗೆ ತಕ್ಕ ಕೆಲಸ ಒಂದಿತ್ತು. ಅಕ್ಕ ಕುಳಿತಿದ್ದ ಕುರ್ಚಿ ಅದು. ಐಲಿಶ್ ಅದರಲ್ಲಿ ಕುಳಿತು ಲೆಕ್ಕ ಬರೆಯುತ್ತಾಳೆ.